ರಿವರ್‌ಗೆ ಡ್ರೈವರ್ ಪ್ರಾಸ ಆಗುದಿಲ್ವಾ?

ಕಳೆದ ವಾರ ಸಂಜೆ ಪಕ್ಕದ ಮನೆಯ ಹುಡುಗಿ ಪಟ್ಟಿ ಹಿಡಿದು ಬಂದಳು. ಮುಖ ಸಣ್ಣಗಾಗಿತ್ತು. ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈ ವರ್ಷದಿಂದ ಇಂಗ್ಲಿಷ್. ‘ನಮ್ಮ ಹೊಳೆ’ಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪದ್ಯ ಬರೆಯಲು ಹೇಳಿದ್ದರಂತೆ. ಕುಮಟಾದ ಮಕ್ಕಳಿಗಾದರೆ ಅಘನಾಶಿನಿ ನೆನಪಾಗುತ್ತದೆ; ಹೊನ್ನಾವರದವರಿಗೆ ಹೊಳೆ ಅಂದರೆ ಶರಾವತಿಯೇ. ಇವಳ ಮೊದಲ ಸಾಲಿನ ಕೊನೆಗೆ ‘ರಿವರ್’ ಇತ್ತು, ಎರಡನೆಯದರ ಕೊನೆಗೆ ‘ಡ್ರೈವರ್’. ಗಟ್ಟಿಯಾಗಿ ಓದಿದಾಗ ತರಗತಿಯವರೆಲ್ಲ ನಕ್ಕರಂತೆ.

“ಎಂತಕ್ಕೆ ತಪ್ಪು ಅಕ್ಕೋರೇ? ಎರಡರಲ್ಲೂ ಐ, ವಿ, ಇ, ಆರ್ ಇದೆ ಅಲ್ದಾ?”

ನ್ಯಾಯವಾದ ಪ್ರಶ್ನೆಯೇ. “ಎರಡೂ ಶಬ್ದ ಕನ್ನಡ ಅಕ್ಷರದಲ್ಲಿ ಬರೆ ನೋಡುವ” ಅಂದೆ. ಬರೆದಳು. ಬರೆದು ತಾನೇ ನಕ್ಕಳು. ‘ರಿ’ ಎಲ್ಲಿ, ‘ಡ್ರೈ’ ಎಲ್ಲಿ! ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು. ಪ್ರಾಸ ಕಿವಿಯ ವ್ಯವಹಾರ, ಕಾಗುಣಿತದ್ದಲ್ಲ. ನಮ್ಮ ಲಿಪಿ ಹೆಚ್ಚುಕಡಿಮೆ ಕಿವಿಗೆ ಕೇಳಿದ್ದನ್ನೇ ಬರೆಯುತ್ತದೆ. ಹಾಗಾಗಿ ಇಂಗ್ಲಿಷ್ ಪ್ರಾಸ ಹುಡುಕುವ ಮಕ್ಕಳಿಗೆ ಕನ್ನಡ ಅಕ್ಷರಮಾಲೆಯಷ್ಟು ಒಳ್ಳೆಯ ಸಾಧನ ಬೇರೆ ಬೇಡ.

ಕೆಲಸ ಹೀಗೆ. ಶಬ್ದವನ್ನು ಹೇಳಿ ನೋಡಿ, ಎಲ್ಲಿ ಒತ್ತು ಬೀಳುತ್ತದೆ ಎಂದು ಗಮನಿಸಬೇಕು. ‘ರಿವರ್’ನಲ್ಲಿ ಒತ್ತು ಬೀಳುವುದು ‘ರಿ’ ಮೇಲೆ. ಆ ಸ್ವರದಿಂದ ಕೊನೆಯವರೆಗೆ ಎಲ್ಲವೂ ಒಂದೇ ಆಗಿದ್ದು, ಅದರ ಮುಂಚಿನ ವ್ಯಂಜನ ಮಾತ್ರ ಬದಲಾದರೆ ಅದು ಪೂರ್ಣಪ್ರಾಸ. ಅಂದರೆ ‘ಇವರ್’ ಉಳಿಸಿಕೊಂಡು ‘ರ’ಕಾರ ತೆಗೆದು, ಕ ಖ ಗ ಘ ಎಂದು ಒಂದೊಂದನ್ನೇ ಕೂರಿಸುತ್ತ ಹೋಗುವುದು. ಕಿವರ್? ಅಂಥ ಶಬ್ದ ಇಲ್ಲ. ಗಿವರ್? ಇದೆ, ಕೊಡುವವನು. ಲಿವರ್ ಇದೆ, ಶಿವರ್ ಇದೆ. ವ್ಯಂಜನ ಮುಗಿದ ಮೇಲೆ ಒತ್ತಕ್ಷರ: ಕ್ವಿವರ್ ಅಂದರೆ ಬತ್ತಳಿಕೆ, ನಡುಗುವುದಕ್ಕೂ ಅದೇ ಶಬ್ದ; ಸ್ಲಿವರ್ ಅಂದರೆ ಸಣ್ಣ ಸೀಳು. ‘ಡೆಲಿವರ್’ ಕೂಡ ಸೇರುತ್ತದೆ, ಅದರ ಒತ್ತು ‘ಲಿ’ ಮೇಲಿದೆ. ಹತ್ತು ನಿಮಿಷದಲ್ಲಿ ಹುಡುಗಿಯ ಪಟ್ಟಿಯಲ್ಲಿ ಆರು ಶಬ್ದ.

ಇಷ್ಟರಲ್ಲಿ ಬೇಕಾದದ್ದು ಸಿಗದಿದ್ದರೆ ಹತ್ತಿರದ ಪ್ರಾಸ. ಇಲ್ಲಿ ಒಂದೇ ಒಂದು ಕಡೆ ಸಡಿಲ ಬಿಟ್ಟರಾಯಿತು. ಹ್ರಸ್ವ ದೀರ್ಘವಾದರೆ ಫೀವರ್. ಸ್ವರ ಬದಲಾದರೆ ನೆವರ್. ನಡುವೆ ಒಂದು ‘ಲ’ ಹೊಕ್ಕರೆ ಸಿಲ್ವರ್. ‘ವ’ ಹೋಗಿ ‘ನ’ ಬಂದರೆ ಡಿನ್ನರ್. “ಇವೆಲ್ಲ ಕಳ್ಳ ಪ್ರಾಸ ಅಲ್ದಾ?” ಅಂದಳು. ಅಲ್ಲ. ‘ಮಂತ್’ ಎಂಬ ಸಾದಾ ಶಬ್ದಕ್ಕೆ ದಿನಬಳಕೆಯ ಇಂಗ್ಲಿಷಿನಲ್ಲಿ ಪೂರ್ಣಪ್ರಾಸವೇ ಇಲ್ಲ. ಹಾಗೆಂದು ತಿಂಗಳಿನ ಮೇಲೆ ಯಾರೂ ಪದ್ಯ ಬರೆಯಬಾರದೇ?

ನಮ್ಮ ಹಿರಿಯರೂ ಈ ಸಡಿಲಿಕೆಯನ್ನು ಬಲ್ಲವರು. ಹಳಗನ್ನಡದಲ್ಲಿ ಪ್ರಾಸ ಇದ್ದದ್ದು ಸಾಲಿನ ತಲೆಯಲ್ಲಿ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಬೇಕಿತ್ತು. ಅದರೊಳಗೂ ಒಂದೇ ವರ್ಗದ ಅಕ್ಷರಗಳನ್ನು ಒಪ್ಪುವ ವರ್ಗಪ್ರಾಸ, ಶ-ಸಗಳಂತೆ ಹತ್ತಿರ ಕೇಳುವ ಅಕ್ಷರಗಳನ್ನು ಒಪ್ಪುವ ಸಮೀಪಪ್ರಾಸ ಎಂದು ಲಾಕ್ಷಣಿಕರು ಜಾಗ ಬಿಟ್ಟಿದ್ದರು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ತಲೆಯ ಪ್ರಾಸವನ್ನೇ ಬಿಟ್ಟರು. ಮುಂದೆ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಕಾಲದಿಂದ ಸಾಲಿನ ಬಾಲದ ಪ್ರಾಸ ನಮ್ಮ ಹೊಸ ಕವಿತೆಯಲ್ಲಿ ಚೆನ್ನಾಗಿ ಬೇರೂರಿತು. ನಮ್ಮ ಜಿಲ್ಲೆಯವರೇ ಆದ ಅಂಕೋಲೆಯ ದಿನಕರ ದೇಸಾಯಿಯವರು ಅದೇ ಅಂತ್ಯಪ್ರಾಸ ಹಿಡಿದು ನಾಲ್ಕು ಸಾಲಿನ ಚುಟುಕಗಳಿಂದ ನಾಡನ್ನೆಲ್ಲ ನಗಿಸಿದರು, ಚುಚ್ಚಿದರು.

ಒಂದು ಎಚ್ಚರಿಕೆ ಮಾತ್ರ ಬೇಕು. ಕನ್ನಡ ಅಕ್ಷರ ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ. ‘ನೋಸ್’, ‘ಡೋಸ್’ ಎಂದು ಬರೆದರೆ ಜೋಡಿ ಸರಿಯಾಗಿದೆ ಅನಿಸುತ್ತದೆ. ಆದರೆ ಮೂಗಿನ ಕೊನೆಯ ಸದ್ದು ಜೇನುನೊಣ ಗುಂಯ್‌ಗುಟ್ಟಿದ ಹಾಗೆ, ಔಷಧದ್ದು ಹಾವು ಬುಸುಗುಟ್ಟಿದ ಹಾಗೆ. ಇಂಥ ಕಡೆ ನಿಘಂಟಿನ ಉಚ್ಚಾರವನ್ನು ಒಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಕಡೆಯ ಮಕ್ಕಳ ಕಿವಿ ಬಡವೇನಲ್ಲ. ಭಟ್ಕಳದ ಪೇಟೆಯಲ್ಲಿ ನವಾಯತಿ, ಉರ್ದು. ಹೊನ್ನಾವರ, ಕುಮಟಾದಲ್ಲಿ ಕೊಂಕಣಿ, ಹವ್ಯಕರ ಮಾತು, ಶಾಲೆಯ ಕನ್ನಡ. ರಾತ್ರಿ ಆಟಕ್ಕೆ ಹೋದರೆ ಭಾಗವತರ ಪದ್ಯ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಊರು ಗುಣವಂತೆ ಇಲ್ಲೇ ಹತ್ತಿರ. ಇಷ್ಟೆಲ್ಲ ಕೇಳಿ ಬೆಳೆದ ಮಕ್ಕಳು ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ಕಿವಿ ಮುಚ್ಚಿ ಕಣ್ಣಿನಿಂದ ಮಾತ್ರ ಓದುವಂತೆ ಮಾಡಿದವರು ಕಲಿಸುವ ನಾವೇ. ನಾನೂ ವರ್ಷಗಟ್ಟಲೆ ಸ್ಪೆಲ್ಲಿಂಗನ್ನೇ ಉರು ಹೊಡೆಸಿದವಳು.

ಕೊನೆಗೆ, “ಡ್ರೈವರ್ ತೆಗೆದು ಶಿವರ್ ಹಾಕು” ಅಂದೆ. ಹುಡುಗಿ ತಲೆ ತಗ್ಗಿಸಿದಳು.

“ತೆಗೀಲಿಕ್ಕೆ ಆಗುದಿಲ್ಲ ಅಕ್ಕೋರೇ. ಅದು ಅಪ್ಪ.”

ಆಗ ತಿಳಿಯಿತು. ಅವಳಪ್ಪ ದಿನಾ ಬೆಳಗಿನ ಜಾವ ಶರಾವತಿ ಸೇತುವೆ ದಾಟಿ ಭಟ್ಕಳದ ಕಡೆಗೆ ಮೀನಿನ ಟೆಂಪೋ ಓಡಿಸುತ್ತಾನೆ. ತರಗತಿಯವರು ನಕ್ಕದ್ದು ಅವಳಿಗೆ ಪ್ರಾಸಕ್ಕಾಗಿ ಅನಿಸಿರಲಿಲ್ಲ.

ಇಬ್ಬರೂ ಕೂತು ಯೋಚಿಸಿದೆವು. ಪ್ರಾಸಕ್ಕೆ ಬಾರದ ಶಬ್ದವನ್ನು ಪದ್ಯದಿಂದ ಹೊರಗೆ ಹಾಕಬೇಕೆಂದಿಲ್ಲ, ಸಾಲಿನ ಕೊನೆಯಿಂದ ನಡುವಿಗೆ ಸರಿಸಿದರೆ ಸಾಕು. ಅವಳೇ ಬರೆದಳು: “ಮೈ ಫಾದರ್, ಎ ಡ್ರೈವರ್, ಕ್ರಾಸಸ್ ದ ರಿವರ್, ಇನ್ ಜುಲೈ ರೇನ್ ಇಟ್ ಮೇಕ್ಸ್ ಮಿ ಶಿವರ್.” ಅಪ್ಪ ಹೊಳೆ ದಾಟುತ್ತಾನೆ, ಮಳೆಗಾಲದಲ್ಲಿ ನನಗೆ ನಡುಕ.

ಉಳಿದ ಎರಡು ಸಾಲು ಮನೆಯಲ್ಲಿ ಬರೆಯುತ್ತೇನೆ ಎಂದು ಎದ್ದಳು. ಗೇಟಿನವರೆಗೂ “ಫೀವರ್, ನೆವರ್, ಸಿಲ್ವರ್” ಎಂದು ಗುನುಗುತ್ತಲೇ ಹೋದಳು.