ಸಂಖ್ಯೆಯ ಗುಣ, ಬರಹದ ಗುಣ

ಬ್ಯಾಂಕಿನ ಚೆಕ್ಕಿನ ಮೇಲೆ ಒಂದೇ ಮೊತ್ತವನ್ನು ಎರಡು ಸಲ ಬರೆಯುತ್ತೇವೆ, ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ. ಎರಡೂ ತಾಳೆಯಾಗದಿದ್ದರೆ ಯಾವುದು ಸರಿ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಅಕ್ಷರದಲ್ಲಿ ಬರೆದದ್ದೇ ಸರಿ. ದಿನವಿಡೀ ವ್ಯಾಪಾರ ನಡೆಯುವುದು ಅಂಕಿಗಳಲ್ಲಿ. ತಕರಾರು ಬಂದ ಗಳಿಗೆಯಲ್ಲಿ ಮಾತ್ರ ಕಾನೂನು ಅಂಕಿಯನ್ನು ಬದಿಗಿಟ್ಟು ಅಕ್ಷರವನ್ನು ನಂಬುತ್ತದೆ. 1000ದ ಕೊನೆಗೆ ಇನ್ನೊಂದು ಸೊನ್ನೆ ಸುತ್ತಲು ಅರೆಕ್ಷಣ ಸಾಕು. ‘ಒಂದು ಸಾವಿರ’ವನ್ನು ‘ಹತ್ತು ಸಾವಿರ’ವಾಗಿ ತಿದ್ದುವುದು ಅಷ್ಟು ಸಲೀಸಲ್ಲ. ಇಟಲಿಯ ಫ್ಲಾರೆನ್ಸ್ ನಗರದ ಹಣ ವಿನಿಮಯಗಾರರ ಸಂಘ 1299ರಲ್ಲಿ ತನ್ನ ಸದಸ್ಯರು ಖಾತೆಗಳಲ್ಲಿ ಭಾರತದಿಂದ ಅರಬರ ಮೂಲಕ ಬಂದ ಹೊಸ ಅಂಕಿಗಳನ್ನು ಬಳಸಕೂಡದೆಂದು ಕಟ್ಟಳೆ ಮಾಡಿತು. ಅದನ್ನು ಹಳೆಯ ಕಾಲದವರ ಮೂಢತನವೆಂದು ತಳ್ಳಿಹಾಕುವುದು ರೂಢಿ. ಆದರೆ ನಮ್ಮ ಚೆಕ್ಕಿನ ಎರಡನೆಯ ಸಾಲಿನಲ್ಲಿ ಇರುವುದೂ ಅದೇ ಬಗೆಯ ಎಚ್ಚರ.

ಹಾಗಾದರೆ ಸಂಖ್ಯೆಯನ್ನು ಬರೆಯಲು ಎಲ್ಲಕ್ಕಿಂತ ಮೇಲಾದ ರೀತಿ ಎಂಬುದು ಒಂದಿದೆಯೇ? ಇದೆ, ಅದು ದಶಮಾನ ಸ್ಥಾನಬೆಲೆಯ ಪದ್ಧತಿ, ಅದು ನಮ್ಮ ಕೊಡುಗೆ, ಉಳಿದುವೆಲ್ಲ ಅದನ್ನು ತಿಳಿಯದವರ ಪರದಾಟ ಎಂಬ ಉತ್ತರವನ್ನು ಶಾಲೆಯಿಂದಲೇ ಕೇಳುತ್ತ ಬಂದಿದ್ದೇವೆ. ಈ ಉತ್ತರದ ಮೊದಲರ್ಧವನ್ನು ನಾನು ಒಪ್ಪುತ್ತೇನೆ, ಅದೂ ಒಂದು ಕೆಲಸದ ಮಟ್ಟಿಗೆ. ಕಾಗದದ ಮೇಲೆ ಲೆಕ್ಕ ಮಾಡಲು ಅದಕ್ಕೆ ಸಾಟಿಯಿಲ್ಲ. ರೋಮನರು ಅಂಕಿಗಳಲ್ಲಿ ಬರೆದಿಡುತ್ತಿದ್ದದ್ದು ಉತ್ತರವನ್ನು. ಲೆಕ್ಕವೆಲ್ಲ ನಡೆಯುತ್ತಿದ್ದದ್ದು ಮಣಿಹಲಗೆಯ ಮೇಲೆ. ಸ್ಥಾನಬೆಲೆಯಲ್ಲಿ ಮಣಿಹಲಗೆಯೂ ದಫ್ತರವೂ ಒಂದೇ ಆದವು. ಬರೆದದ್ದರ ಮೇಲೆಯೇ ಕೂಡಬಹುದು, ಕಳೆಯಬಹುದು, ಮಾಡಿದ ದಾರಿಯನ್ನು ಮತ್ತೆ ನೋಡಿ ತಪ್ಪು ಹುಡುಕಬಹುದು. ಹಾಗೆಂದು ಎಲ್ಲ ಕೆಲಸಕ್ಕೂ ಅದೇ ತಕ್ಕದ್ದು ಎಂದಾಗುವುದಿಲ್ಲ. ಹಿಂದಿನವರಿಗೆ ಈ ವಿವೇಕ ಇತ್ತು.

ಐಹೊಳೆಯ ಮೇಗುಟಿಗೆ ಹೋಗಿ ನೋಡಿ. ಇಮ್ಮಡಿ ಪುಲಕೇಶಿಯ ಕಾಲದ ರವಿಕೀರ್ತಿಯ ಶಾಸನದಲ್ಲಿ ಎರಡು ಕಾಲಮಾನಗಳಿವೆ: ಶಕ 556, ಅಂದರೆ ಕ್ರಿ.ಶ. 634, ಮತ್ತು ಭಾರತ ಯುದ್ಧದಿಂದ ಲೆಕ್ಕ ಹಿಡಿದ 3735. ಆ 3735 ಅಲ್ಲಿ ಅಂಕಿಯಲ್ಲಿಲ್ಲ. ಮೂವತ್ತು, ಮೂರು ಸಾವಿರ, ಏಳುನೂರು, ಐದು ಎಂಬ ಕ್ರಮದಲ್ಲಿ, ಛಂದಸ್ಸು ಎಳೆದತ್ತ, ಸಂಸ್ಕೃತದ ಮಾತುಗಳಲ್ಲಿದೆ. ಮೂವತ್ತು ಮೊದಲು ಬಂದರೂ ಅರ್ಥ ಕೆಡುವುದಿಲ್ಲ, ಏಕೆಂದರೆ ಪ್ರತಿ ಮಾತೂ ತನ್ನ ಬೆಲೆಯನ್ನು ತಾನೇ ಹೊತ್ತಿದೆ. ಆಗ ಸ್ಥಾನಬೆಲೆ ಗೊತ್ತಿರಲಿಲ್ಲವೆಂದಲ್ಲ. ಇದಕ್ಕೆ ಆರು ವರ್ಷ ಮೊದಲೇ, 628ರಲ್ಲಿ, ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ ಕಳೆಯುವ ನಿಯಮಗಳನ್ನು ಬರೆದಾಗಿತ್ತು. ಕಲ್ಲಿನ ಮೇಲೆ ಸಾವಿರ ವರ್ಷ ನಿಲ್ಲಬೇಕಾದ ಪದ್ಯಕ್ಕೆ ಬೇಕಾದ ಗುಣವೇ ಬೇರೆ. ಅಂಕಿಗಳ ಸಾಲಿನಲ್ಲಿ ಒಂದು ಚಿಹ್ನೆ ಉದುರಿದರೆ ಇಡೀ ಸಂಖ್ಯೆ ಬೇರೆಯಾಗುತ್ತದೆ. ಮಾತಿನಲ್ಲಿ ಬರೆದಾಗ ಒಂದು ಅಕ್ಷರ ಸವೆದರೂ ಛಂದಸ್ಸು ಹಿಡಿದು ಓದಿಕೊಳ್ಳಬಹುದು.

ಕರ್ನಾಟಕ ಸಂಗೀತದಲ್ಲಿ ಇದಕ್ಕಿಂತ ಚೆಲುವಾದ ಉದಾಹರಣೆ ಇದೆ. 72 ಮೇಳಗಳ ಯೋಜನೆಯನ್ನು 17ನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ ಕೊಟ್ಟ. ಆಮೇಲೆ ಬಂದವರು ರಾಗದ ಹೆಸರಿನೊಳಗೇ ಅದರ ಮೇಳದ ಸಂಖ್ಯೆಯನ್ನು ಕೂರಿಸಿದರು, ಅಕ್ಷರಕ್ಕೊಂದು ಅಂಕಿ ಗೊತ್ತುಮಾಡುವ ಕಟಪಯಾದಿ ಪದ್ಧತಿಯಲ್ಲಿ. ಕಲ್ಯಾಣಿಯ ಮುಂದೆ ‘ಮೇಚ’ ಸೇರಿತು: ಮ ಎಂದರೆ 5, ಚ ಎಂದರೆ 6, ಬಲದಿಂದ ಓದಿದರೆ 65. ಶಂಕರಾಭರಣದ ಮುಂದೆ ‘ಧೀರ’ ಸೇರಿತು: ಧ 9, ರ 2, ತಿರುಗಿಸಿದರೆ 29. ಎರಡರ ನಡುವಿನ ಅಂತರ 36. ಶುದ್ಧ ಮಧ್ಯಮದ 36 ಮೇಳಗಳು ಮೊದಲು, ಪ್ರತಿ ಮಧ್ಯಮದ 36 ಆಮೇಲೆ. ಆದ್ದರಿಂದ ಮಧ್ಯಮವೊಂದನ್ನು ಬಿಟ್ಟರೆ ಈ ಎರಡು ರಾಗಗಳ ಸ್ವರಗಳೆಲ್ಲ ಒಂದೇ ಎಂದು ಹೆಸರು ಕೇಳಿದವನೇ ಹೇಳಬಹುದು. ಪ್ರತಿ 36ರಲ್ಲೂ ಆರಾರರ ಆರು ಚಕ್ರಗಳು. ಚಕ್ರ ಯಾವುದೆಂದರೆ ರಿ-ಗ ತಿಳಿಯಿತು, ಚಕ್ರದೊಳಗೆ ಎಷ್ಟನೆಯದೆಂದರೆ ಧ-ನಿ ತಿಳಿಯಿತು. ಇಲ್ಲಿಯೂ ಇರುವುದು ಸ್ಥಾನಬೆಲೆಯೇ, ಆದರೆ ಕಟ್ಟು, ಅಂದರೆ ಎಷ್ಟಾದಾಗ ಮುಂದಿನ ಸ್ಥಾನಕ್ಕೆ ಒಂದು ಸೇರುತ್ತದೋ ಆ ಎಣಿಕೆ, ಹತ್ತರದ್ದಲ್ಲ, ಆರರದ್ದು. ಗುಣಿಸಲು ಭಾಗಿಸಲು ಕಟಪಯಾದಿಯಿಂದ ಏನೇನೂ ಉಪಯೋಗವಿಲ್ಲ. ನೆನಪಿಡಲು ಮಾತ್ರ ಅದರಷ್ಟು ಒಳ್ಳೆಯದು ಬೇರೆ ಸಿಗುವುದಿಲ್ಲ.

ಬರಹದ ರೀತಿಗಳು ಹಲವು, ಸಂಖ್ಯೆ ಒಂದೇ. ಕೇಳಲು ಇದು ಸುಲಭದ ಮಾತು. ಅದರ ಒಳಗೆ ಇಳಿದರೆ ನಾವು ಸಂಖ್ಯೆಯ ಗುಣವೆಂದು ನಂಬಿದ್ದರಲ್ಲಿ ಎಷ್ಟೋ ಪಾಲು ಬರಹದ ಗುಣ ಎಂದು ಗೊತ್ತಾಗುತ್ತದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಸ್ಥಾನಗಳಿಗೆ 24 ಹೆಸರು ಕೊಟ್ಟವನು. ಅವನಿಗೆ ಕೆಲವು ಗುಣಾಕಾರಗಳೆಂದರೆ ಬಹಳ ಇಷ್ಟ. ಅವುಗಳ ಉತ್ತರಗಳನ್ನು ಕೊರಳ ಹಾರವೆಂದು ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿ: 15151. 142857143ನ್ನು 7ರಿಂದ ಗುಣಿಸಿ: 1000000001, ಎರಡು ತುದಿಗೆ ಎರಡು ಮಣಿ, ನಡುವೆ ಸೊನ್ನೆಗಳ ಸರ. 12345654321 ಎಂಬ ಸಂಖ್ಯೆಯನ್ನು ಅವನು ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು ಎಂದು ವರ್ಣಿಸುತ್ತಾನೆ. ಅಂಕಿಗಳ ಸಾಲನ್ನು ಕಣ್ಣಮುಂದೆ ಕಂಡವನಿಗಷ್ಟೇ ಹೊಳೆಯುವ ಮಾತು ಇದು.

ಈಗ ಅದೇ 15151ನ್ನು ಎಂಟರ ಕಟ್ಟಿನಲ್ಲಿ ಬರೆಯೋಣ. 35457 ಆಗುತ್ತದೆ. ಹಾರ ಎಲ್ಲಿ ಹೋಯಿತು? ಅದು 139 ಮತ್ತು 109ರ ಗುಣಲಬ್ಧ ಎಂಬುದು ಎಲ್ಲಿ ಬರೆದರೂ ನಿಜ. ಆ ಎರಡನ್ನೂ ಇನ್ನು ಒಡೆಯಲಾಗದು, ಅವು ಅವಿಭಾಜ್ಯಗಳು ಎಂಬುದೂ ಎಲ್ಲಿ ಬರೆದರೂ ನಿಜ. ಅದು ಸಂಖ್ಯೆಯ ಗುಣ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಎಂಬ ಚೆಲುವು ಹತ್ತರ ಕಟ್ಟಿಗೆ ಸೇರಿದ್ದು. ಅಂಕಿಗಳನ್ನು ಕೂಡಿ 9ರಿಂದ ಭಾಗವಾಗುತ್ತದೆಯೇ ನೋಡುವ ಯುಕ್ತಿಯೂ ಅಷ್ಟೇ. ಎಂಟರ ಕಟ್ಟಿನಲ್ಲಿ ಅದು 7ಕ್ಕೆ ಒಲಿಯುತ್ತದೆ. 99ಕ್ಕೆ ಔಟಾದ ಬ್ಯಾಟರ್‌ನ ಸಂಕಟವೂ ಹತ್ತು ಬೆರಳುಗಳಿಂದ ಬಂದದ್ದೇ. ಮಹಾವೀರನ ಹಾರಗಳು ಇದರಿಂದ ನನಗೆ ಕಡಿಮೆಯಾಗಿ ಕಾಣುವುದಿಲ್ಲ. ಬರಹಕ್ಕೂ ಅದರದೇ ಗಣಿತವಿದೆ ಎಂದು ಸಾವಿರದ ನೂರೈವತ್ತು ವರ್ಷಗಳಷ್ಟು ಹಿಂದೆ ಕಂಡುಕೊಂಡದ್ದೇ ಒಂದು ಬೆರಗು.

(ಕನ್ನಡ ಅಂಕಿಗಳ ಚರ್ಚೆಯಲ್ಲೂ ಈ ವ್ಯತ್ಯಾಸ ನೆನಪಿರಬೇಕು. ೫ ಮತ್ತು 5 ಬೇರೆ ಪದ್ಧತಿಗಳಲ್ಲ, ಒಂದೇ ಪದ್ಧತಿಯ ಎರಡು ಆಕಾರಗಳು. ಸಂವಿಧಾನದ 343ನೆಯ ವಿಧಿ ಕೇಂದ್ರ ಸರ್ಕಾರದ ಬಳಕೆಗೆ ಗೊತ್ತುಮಾಡಿದ್ದನ್ನೂ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂದೇ ಕರೆಯುತ್ತದೆ. ನಮ್ಮ ಬಸ್ಸುಗಳ ಮೇಲೆ ಕನ್ನಡ ಅಂಕಿ ಉಳಿಯಲೇಬೇಕು ಎನ್ನುವವನು ನಾನು. ಅದು ಲಿಪಿಯ ಮೇಲಿನ ಹಕ್ಕಿನ ಮಾತು, ಗಣಿತದ ಮಾತಲ್ಲ.)

ಕಟ್ಟು ಬದಲಾದರೆ ಬದುಕೂ ಬದಲಾಗುತ್ತದೆ ಎನ್ನಲು ಹಳೆಯ ರೂಪಾಯಿ ಸಾಕು. ಹದಿನಾರಾಣೆಯನ್ನು ಅರ್ಧ ಮಾಡಿದರೆ ಎಂಟಾಣೆ, ಆಮೇಲೆ ನಾಲ್ಕಾಣೆ, ಎರಡಾಣೆ, ಒಂದಾಣೆ: ನಾಲ್ಕು ಸಲವೂ ಮುರಿಯದೆ ಬರುತ್ತದೆ. ತಕ್ಕಡಿಯ ಎರಡು ತಟ್ಟೆಗೆ ಸಮನಾಗಿ ಹಂಚುತ್ತ ಹೋಗುವ ಸಂತೆಯವರಿಗೆ ಇದಕ್ಕಿಂತ ಅನುಕೂಲ ಬೇರೆ ಇರಲಿಲ್ಲ. ಹದಿನಾರನೇ ಒಂದು ಪಾಲಿಗೆ ವೀಸ ಎಂಬ ಹೆಸರೂ, ಕಾಲು-ಅರೆ-ಮುಕ್ಕಾಲರ ಮಗ್ಗಿಗಳೂ ಇದ್ದದ್ದು ಅದಕ್ಕಾಗಿಯೇ. 1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯಾ ಪೈಸೆಯಾಯಿತು. ಒಂದಾಣೆಗೆ ಸರಿಯಾಗಿ ಆರೂಕಾಲು ನಯಾ ಪೈಸೆ, ಆ ಕಾಲನ್ನು ಕೊಡಲು ನಾಣ್ಯವಿಲ್ಲ. ಕಾಗದದ ಲೆಕ್ಕ ಹಗುರವಾಯಿತು, ಹಂಚುವ ಲೆಕ್ಕ ಬಿಗಿಯಾಯಿತು. ಒಟ್ಟಿನಲ್ಲಿ ಬದಲಾವಣೆ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಆದರೆ ಕಳೆದುಕೊಂಡದ್ದೂ ಉಂಟು.

ಇದೇ ತೊಡಕು ಯಂತ್ರದೊಳಗೆ ಹೊಕ್ಕರೆ ಪ್ರಾಣಕ್ಕೇ ಎರವಾಗಬಹುದು. ಮೂರನೇ ಒಂದು ಪಾಲನ್ನು ದಶಾಂಶದಲ್ಲಿ ಬರೆಯಲು ಹೊರಟರೆ 0.333 ಎಂದು ಮುಗಿಯದೆ ಸಾಗುತ್ತದೆ. ಎರಡರ ಕಟ್ಟಿನಲ್ಲಿ ಎಣಿಸುವ ಕಂಪ್ಯೂಟರಿಗೆ ಹತ್ತನೇ ಒಂದು ಪಾಲೇ ಹಾಗೆ ಮುಗಿಯದ ಸಂಖ್ಯೆ. ಎಲ್ಲೋ ಒಂದು ಕಡೆ ಅದನ್ನು ಕತ್ತರಿಸಲೇಬೇಕು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಪಾಲುಗಳಲ್ಲಿ ಎಣಿಸುತ್ತಿತ್ತು, ಅದನ್ನು ಸೆಕೆಂಡಿಗೆ ತಿರುಗಿಸುವಾಗ 24 ಬಿಟ್‌ಗಳಲ್ಲಿ ಕತ್ತರಿಸಿದ ಹತ್ತನೇ ಒಂದರಿಂದ ಗುಣಿಸುತ್ತಿತ್ತು. ಸುಮಾರು ನೂರು ಗಂಟೆ ಎಡೆಬಿಡದೆ ನಡೆದ ಮೇಲೆ ಆ ಕೂದಲೆಳೆಯ ಕೊರತೆ ಸೇರಿ ಸೇರಿ ಸೆಕೆಂಡಿನ ಮೂರನೇ ಒಂದು ಪಾಲಿನಷ್ಟಾಗಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಅದನ್ನು ತಡೆಯಲಾಗದೆ 28 ಸೈನಿಕರು ಸತ್ತರು. ಸಮಯದಲ್ಲಿ ತಪ್ಪಿರಲಿಲ್ಲ, ಗಣಿತದ ಸೂತ್ರದಲ್ಲೂ ಇರಲಿಲ್ಲ. ಹತ್ತರ ಕಟ್ಟಿನ ಒಂದು ಸಲೀಸಾದ ಪಾಲು ಎರಡರ ಕಟ್ಟಿನಲ್ಲೂ ಸಲೀಸಾಗಿಯೇ ಇರುತ್ತದೆ ಎಂಬಂತೆ ಅದನ್ನು ಬಳಸಲಾಗಿತ್ತು.

ಇದಕ್ಕೆ ಮದ್ದು ಶಾಲೆಯಲ್ಲೇ ಸಿಗಬೇಕು. ಆರ್ಯಭಟ, ಬ್ರಹ್ಮಗುಪ್ತರ ಹೆಸರು ಹೇಳಿಸಿ ಸೊನ್ನೆ ನಮ್ಮದು ಎಂದು ಚಪ್ಪಾಳೆ ತಟ್ಟಿಸುವುದು ಸುಲಭ. ಬ್ಯಾಬಿಲೋನಿನವರೂ ಮಾಯಾ ಜನರೂ ಖಾಲಿ ಸ್ಥಾನಕ್ಕೆ ತಮ್ಮದೇ ಗುರುತು ಮಾಡಿಕೊಂಡಿದ್ದರು, ಬ್ರಹ್ಮಗುಪ್ತನ ಹೆಚ್ಚುಗಾರಿಕೆ ಆ ಗುರುತನ್ನು ಲೆಕ್ಕಕ್ಕೆ ಸಿಗುವ ಸಂಖ್ಯೆಯಾಗಿಸಿದ್ದು ಎಂದು ಹೇಳಿದರೆ ಹೆಮ್ಮೆಗೆ ಕುಂದಿಲ್ಲ, ತಿಳಿವೂ ಸೇರುತ್ತದೆ. ಅದಕ್ಕಿಂತ ಮುಖ್ಯವಾದ ಅವಕಾಶ ಐದನೇ ತರಗತಿಯ ನೋಟ್‌ಬುಕ್ಕಿನಲ್ಲೇ ಇದೆ. 2 ಗಂಟೆ 45 ನಿಮಿಷಕ್ಕೆ 1 ಗಂಟೆ 30 ನಿಮಿಷ ಕೂಡು ಎಂದರೆ ಮಗು 3 ಗಂಟೆ 75 ನಿಮಿಷ ಎಂದು ಬರೆಯುತ್ತದೆ. ಕೆಂಪು ಶಾಯಿಯ ಅಡ್ಡಗೆರೆ ಬೀಳುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ. ಗೆರೆ ಎಳೆಯುವ ಮೊದಲು ಮೇಷ್ಟ್ರು ಒಂದು ಪ್ರಶ್ನೆ ಕೇಳಲಿ: ಇಲ್ಲಿ ಎಷ್ಟಾದಾಗ ಕೈಲಿ ಒಂದು? ಅರವತ್ತಾದಾಗ. ಬಿಡಿ-ಹತ್ತು-ನೂರರಲ್ಲಿ ಎಷ್ಟಾದಾಗ? ಹತ್ತಾದಾಗ. ವಾರಕ್ಕೆ? ಏಳಾದಾಗ. ಹಾಗಾದರೆ ಇಂದು ಸೋಮವಾರವಾದರೆ ಇನ್ನು ನೂರು ದಿನಕ್ಕೆ ಯಾವ ವಾರ, ಹೇಗೆ ಗೊತ್ತು? ಮಗು 100ನ್ನು 7ರಿಂದ ಭಾಗಿಸಿ ಉಳಿದ 2ನ್ನು ಹಿಡಿದು ಬುಧವಾರ ಎನ್ನುವ ಹೊತ್ತಿಗೆ, ಹತ್ತರ ಕಟ್ಟು ಹಲವು ಕಟ್ಟುಗಳಲ್ಲಿ ಒಂದು ಎಂಬುದನ್ನು ಯಾರೂ ಹೇಳಿಕೊಡದೆ ತಾನೇ ಕಲಿತಿರುತ್ತದೆ.