ಆಟದ ಹೆಸರಲ್ಲ, ಹದ ನೋಡಿ



ಸೇಡಂ ಇರಲಿ, ಚಿಂಚೋಳಿ ಇರಲಿ, ರಜೆ ಬಂತೆಂದರೆ ಮಕ್ಕಳ ಕೈಯಲ್ಲಿ ಮೊಬೈಲೇ. ‘ದೊಡ್ಡ ಕಂಪನಿ ಆಟ, ಕೊಡಸವ್ವಾ’ ಅಂತ ಹಟ ಬೇರೆ. ತೊಗರಿಬೇಳೆ ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನೋಡ್ತೀವೇನ್ರಿ? ಬೊಗಸೆಯಲ್ಲಿ ಹಿಡಿದು ಬೇಳೆ ನೋಡ್ತೀವಿ. ಆಟಕ್ಕೂ ಅದೇ ಮಾತು.

ಪೋಲೆಂಡಿನ ದೊಡ್ಡ ಕಂಪನಿಯೊಂದು 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಎಂಬ ದೊಡ್ಡವರ ಆಟ ತಂದಿತು. ನೂರಾರು ಜನರ ದುಡಿಮೆ, ಕಣ್ಣು ಕೋರೈಸುವ ನಗರ. ಆದರೆ ದೋಷ ಎಷ್ಟಿದ್ದವೆಂದರೆ, ಸುಮಾರು ವಾರದಲ್ಲೇ ಸೋನಿಯವರು ತಮ್ಮ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿದರು. ಆಮೇಲೆ ತಿದ್ದಿ ಚೆಂದ ಮಾಡಿದರನ್ನಿ.

ಇತ್ತ ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ಕೂತು, ಚಿತ್ರ, ಸಂಗೀತವನ್ನೂ ತಾನೇ ಮಾಡಿ, 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ತಂದ. ಬಿತ್ತೋದು, ನೀರುಣಿಸೋದು, ದನ-ಕೋಳಿ ಸಾಕೋದು! ಮೊಬೈಲಿಗೂ ಬಂದಿದೆ, ಒಮ್ಮೆ ಕೊಂಡರೆ ನಡುವೆ ಮತ್ತೆ ಹಣ ಕೇಳದು.

ಹಾಗಂತ ಸಣ್ಣವರದ್ದೆಲ್ಲಾ ಬಂಗಾರವಲ್ಲ. ಕೊಡಿಸುವ ಮುಂಚೆ ಮೂರು ಮಾತು ವಿಚಾರಿಸಿ: ಮಗುವಿನ ವಯಸ್ಸಿಗೆ ತಕ್ಕುದೇ? ಆಡಿದವರು ಏನಂತಾರೆ? ಆಟದ ನಡುವೆ ಹಣ ಕೇಳುತ್ತದೆಯೇ? ‘ಪುಕ್ಕಟೆ’ ಅಂದದ್ದೇ ಎಷ್ಟೋ ಸಲ ಹನಿಹನಿಯಾಗಿ ಕಿಸೆ ಖಾಲಿ ಮಾಡುತ್ತದೆ. ಹಣ ಕಳಿಸುವ ಪಿನ್ ಮಾತ್ರ ನಿಮ್ಮ ಮನಸ್ಸಿನಲ್ಲೇ ಇರಲಿ, ಮಕ್ಕಳ ಬಾಯಿಗೆ ಬೇಡ.