ಭೂಶಾಖ ವಿದ್ಯುತ್ತು: ತುಕ್ಕಿನ ಲೆಕ್ಕವನ್ನು ಮರೆಯಬಾರದು

ವೆಸ್ಟ್ ಮಾಂಬಲಂ, ಚೆನ್ನೈ: ಕೇಂದ್ರ ಸರ್ಕಾರವು 2025ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಭೂಶಾಖ ಇಂಧನ ನೀತಿಯನ್ನು ಪ್ರಕಟಿಸಿತು. ದೇಶದ ಭೂಗರ್ಭದ ಶಾಖದಿಂದ ಸುಮಾರು 10,600 ಮೆಗಾವಾಟ್ ವಿದ್ಯುತ್ತನ್ನು ಪಡೆಯಬಹುದೆಂಬುದು ಬಹುಕಾಲದ ಅಂದಾಜು. ಬಿಸಿಲು, ಗಾಳಿಗಳಂತಲ್ಲದೆ ಹಗಲಿರುಳೂ ದೊರೆಯುವ ಶಕ್ತಿಯಿದು ಎಂಬ ಮಾತೂ ನಿಜವೇ. ಆದರೆ ಈ ಉತ್ಸಾಹದ ನಡುವೆ ಹಬೆಯನ್ನು ಸಾಗಿಸುವ ಕೊಳವೆಗಳ ಸವೆತದ ಪ್ರಶ್ನೆ ಹಿಂದೆ ಸರಿದಂತಿದೆ.

ನೆಲದಾಳದ ಹಬೆ ಬಾಯ್ಲರಿನ ಹಬೆಯಂತೆ ಶುದ್ಧವಲ್ಲ. ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಕ್ಲೋರೈಡ್‌ಗಳು ಅದರ ಒಡನಾಡಿಗಳು. ಸಮುದ್ರದ ಉಪ್ಪುಗಾಳಿ ಕಿಟಕಿಯ ಸರಳುಗಳನ್ನು ತಿನ್ನುವುದನ್ನು ಕಂಡಿರುವ ಚೆನ್ನೈವಾಸಿಗಳಿಗೆ ಕ್ಲೋರೈಡಿನ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈಡ್ರೋಜನ್ ಸಲ್ಫೈಡಾದರೋ ಗಟ್ಟಿ ಉಕ್ಕಿನಲ್ಲಿಯೂ ಬಿರುಕು ಮೂಡಿಸಬಲ್ಲದು. ಹಬೆ ಒಣಗಿರುವವರೆಗೆ ಅದರಲ್ಲಿನ ಹೈಡ್ರೋಕ್ಲೋರಿಕ್ ಆಮ್ಲದ ಅಂಶ ಹೆಚ್ಚು ಹಾನಿ ಮಾಡದು. ಹಬೆ ತಣಿದು ಮೊದಲ ಹನಿಗಳು ಮೂಡಿದೊಡನೆ ಆಮ್ಲವೆಲ್ಲ ಅವುಗಳಲ್ಲಿ ಸೇರಿ ಲೋಹವನ್ನು ಕೊರೆಯುತ್ತದೆ. ಕ್ಯಾಲಿಫೋರ್ನಿಯದ ಗೀಸರ್ಸ್ ಸ್ಥಾವರಗಳು ಈ ತೊಂದರೆಯನ್ನು ಅನುಭವಿಸಿವೆ. ಕ್ಷಾರ ಬೆರೆಸಿದ ನೀರಿನಿಂದ ಹಬೆಯನ್ನು ತೊಳೆಯುವುದು ಅಲ್ಲಿ ಕಂಡುಕೊಂಡ ಪರಿಹಾರ. ಐಸ್‌ಲ್ಯಾಂಡಿನ ಕ್ರಾಫ್ಲಾದಲ್ಲಿ 2009ರಲ್ಲಿ ಕೊರೆದ ಬಾವಿ ಶಿಲಾರಸವನ್ನೇ ಮುಟ್ಟಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಹಬೆಯನ್ನು ನೀಡಿತು. ಆದರೆ ಕವಾಟಗಳು ಕೈಕೊಟ್ಟದ್ದರಿಂದ 2012ರಲ್ಲಿ ಅದನ್ನು ತಣಿಸಿ ನಿಲ್ಲಿಸಬೇಕಾಯಿತು.

ನಮ್ಮಲ್ಲಿಯೂ ಪ್ರಯತ್ನಗಳು ನಡೆದಿವೆ. ಹಿಮಾಚಲದ ಮಣಿಕರಣದಲ್ಲಿ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿದ 5 ಕಿಲೋವಾಟ್‌ನ ಪ್ರಾಯೋಗಿಕ ಘಟಕ 1990ರ ದಶಕದ ಆರಂಭದಲ್ಲಿ ಓಡಿತೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅಲ್ಲಿ ಬಿಸಿನೀರು ಮತ್ತೊಂದು ದ್ರವವನ್ನು ಕಾಯಿಸಿ, ಆ ದ್ರವದ ಆವಿ ಟರ್ಬೈನನ್ನು ತಿರುಗಿಸುತ್ತಿತ್ತು. ಈ ಕ್ರಮದಲ್ಲಿ ಟರ್ಬೈನು ಉಳಿಯುತ್ತದೆ. ಬಾವಿಯ ಕೊಳವೆ ಹಾಗೂ ಶಾಖ ವಿನಿಮಯ ಯಂತ್ರಗಳಿಗೆ ಸವೆತ ತಪ್ಪಿದ್ದಲ್ಲ. ಲಡಾಖಿನ ಪೂಗಾ ಕಣಿವೆಯಲ್ಲಿ 1 ಮೆಗಾವಾಟ್ ಘಟಕಕ್ಕಾಗಿ ಒಎನ್‌ಜಿಸಿ 2021ರ ಫೆಬ್ರವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಗಂಧಕ, ಬೋರಾಕ್ಸ್‌ಗಳಿಗೆ ಹೆಸರಾದ ಆ ನೆಲ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೂತಾದ ಕೊಳವೆಯನ್ನು ಬದಲಿಸುವುದು ಸುಲಭದ ಕೆಲಸವಲ್ಲ.

ಇದನ್ನು ಹಣಕಾಸಿನ ದೃಷ್ಟಿಯಿಂದಲೂ ನೋಡಬೇಕು. ಭೂಶಾಖ ಸ್ಥಾವರಕ್ಕೆ ಇಂಧನದ ಖರ್ಚಿಲ್ಲ. ವೆಚ್ಚದ ಬಹುಪಾಲು ಬಾವಿ, ಕೊಳವೆ, ಯಂತ್ರಗಳಿಗೆ ಮೊದಲೇ ಹೋಗುತ್ತದೆ. ಸಾಲ ತೀರುವುದು ವರ್ಷಾನುಗಟ್ಟಲೆ ನಿಲ್ಲದೆ ಉತ್ಪಾದನೆಯಾದರೆ ಮಾತ್ರ. ಕೊಳವೆ ಒಡೆದರೆ ಉತ್ಪಾದನೆ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ.

ಆದ್ದರಿಂದ ಪ್ರತಿ ಕ್ಷೇತ್ರದ ನೀರು, ಹಬೆಗಳನ್ನು ಪರೀಕ್ಷಿಸಿ, ಅವುಗಳಲ್ಲಿಯೇ ಬಗೆಬಗೆಯ ಲೋಹದ ತುಣುಕುಗಳನ್ನು ತಿಂಗಳುಗಟ್ಟಲೆ ಇಟ್ಟು ಸವೆತವನ್ನು ಅಳೆದ ನಂತರವೇ ಕೊಳವೆಯ ಆಯ್ಕೆಯಾಗಬೇಕು. ಆ ಫಲಿತಾಂಶವನ್ನು ಯೋಜನಾ ವರದಿಯಲ್ಲಿ ಸೇರಿಸಿ, ದುರಸ್ತಿಗೆ ಪ್ರತ್ಯೇಕ ನಿಧಿಯನ್ನು ತೆಗೆದಿಡುವುದು ಸಾಲ ಕೊಡುವವರ ಷರತ್ತಾಗಬೇಕು. ಸಾರ್ವಜನಿಕರ ಠೇವಣಿಯ ಹಣ ಇಂಥ ಯೋಜನೆಗಳಿಗೆ ಹರಿಯುವ ಮುನ್ನ ಇಷ್ಟನ್ನು ಕೇಳುವುದು ಅಭಿವೃದ್ಧಿಗೆ ಅಡ್ಡಿಯೆನಿಸದು.